ಧ್ವನಿಮುದ್ರಿಕೆಯ ಹಾಡು, ವೇದಿಕೆಯ ಹಾಡು

‘ಹಾಡ್ತಾ ಹಾಡ್ತಾ ರಾಗ, ಉಗುಳ್ತಾ ಉಗುಳ್ತಾ ರೋಗ’ ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಹಾಡುವ ವಿದ್ಯೆ ಹಾಡಿಯೇ ಬರಬೇಕಲ್ಲದೆ ಕೇಳಿದ ಮಾತ್ರಕ್ಕೆ ಬಾರದು ಎಂಬುದು ಇದರ ತಾತ್ಪರ್ಯ. ಇಂದು ನಮ್ಮ ಮಕ್ಕಳು ಹಾಡುವುದಕ್ಕಿಂತ ಕೇಳುವುದೇ ಹೆಚ್ಚು. ಮನೆಮನೆಯಲ್ಲೂ ಮೊಬೈಲು ಇದೆ. ಬೇಕೆಂದ ಹಾಡು ಬೇಕೆಂದ ಗಳಿಗೆಯಲ್ಲಿ ಸಿಗುತ್ತದೆ. ಇದು ಸಂತೋಷದ ವಿಷಯವೇ ಸರಿ. ಆದರೆ ಹೀಗೆ ಕೇಳಿ ಕಲಿತ ಹಾಡನ್ನು ವೇದಿಕೆಯ ಮೇಲೆ ಹಾಡಹೊರಟಾಗ ಒಂದು ತೊಡಕು ಎದುರಾಗುತ್ತದೆ. ಆ ತೊಡಕಿನ ಕಾರಣವನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲಾ ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಹಾಡಲು ನಿಂತಳು. 1981ರಲ್ಲಿ ತೆರೆಕಂಡ ‘ಗೀತಾ’ ಚಿತ್ರದ ಒಂದು ಹಾಡು. ಆರಿಸಿಕೊಟ್ಟವನು ನಾನೇ. ಹಾರ್ಮೋನಿಯಂ, ಢೋಲಕ್, ಒಂದು ಸಣ್ಣ ಕೀಬೋರ್ಡು, ಹಿಂದೆ ನಾಲ್ವರು ಗೆಳತಿಯರು, ಇಷ್ಟೇ ನಮ್ಮ ಪರಿವಾರ. ಪಲ್ಲವಿ ಹೇಗೋ ಮುಗಿಯಿತು. ನಡುವೆ ಪಿಟೀಲುಗಳ ಸಮೂಹವಾದನ ಬರಬೇಕಾದ ಕಡೆ ಕೀಬೋರ್ಡಿನ ಹುಡುಗ ತಡವರಿಸಿದ. ಚರಣ ಎತ್ತುವಾಗ ಬಾಲಕಿಯ ಶ್ರುತಿ ಜಾರಿತು. ಮೇಲಿನ ಸ್ವರಕ್ಕೆ ಗಂಟಲು ಒಡೆಯಿತು. ಅಷ್ಟರಲ್ಲಿ ಧ್ವನಿವರ್ಧಕ ಕುಯ್ಯೆಂದು ಕೂಗಿಕೊಂಡಿತು. ಹಿಂದಿನ ಸಾಲಿನಿಂದ ಯಾರೋ, “ಹಾಡು ಹಾಕ್ರಿ ಸಾರ್, ಮಕ್ಕಳು ಬಾಯಿ ಆಡಿಸ್ಲಿ” ಎಂದರು. ಆಕೆ ಅರ್ಧಕ್ಕೇ ನಿಲ್ಲಿಸಿ, ಅಳುತ್ತಾ ಪರದೆಯ ಹಿಂದೆ ಹೋದಳು.

ಮರುದಿನ ಆಕೆಯ ತಂದೆ ಶಾಲೆಗೆ ಬಂದರು. ಅವರು ನಮ್ಮ ರಾಯದುರ್ಗದ ಸಿದ್ಧ ಉಡುಪಿನ ಘಟಕವೊಂದರಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು. “ಮನೆಯಾಗ ಫೋನ್ ಜೋಡಿ ಹಾಡಿದ್ರ ಥೇಟ್ ಹಂಗೇ ಬರ್ತದ ಸಾರ್. ನಿನ್ನೆ ಯಾಕ ಹಿಂಗಾತು? ಇನ್ಮ್ಯಾಲೆ ಹಾಡಂಗಿಲ್ಲ ಅಂತ ಕುಂತಾಳ” ಎಂದರು. ಅವರ ಪ್ರಶ್ನೆ ನ್ಯಾಯವಾದದ್ದು. ನನ್ನಲ್ಲಿ ಅಂದು ತಕ್ಕ ಉತ್ತರವಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾಡು ಹೊಲಿಯುವ ಕೋಣೆ

ಆ ತಂದೆಯ ಕಸುಬಿನಿಂದಲೇ ಆರಂಭಿಸೋಣ. ಒಂದು ಜೀನ್ಸ್ ಪ್ಯಾಂಟನ್ನು ಒಬ್ಬನೇ ಕುಳಿತು ಮೊದಲಿನಿಂದ ಕೊನೆಯವರೆಗೆ ಹೊಲಿಯುವುದಿಲ್ಲ. ಒಬ್ಬರು ಬಟ್ಟೆ ಕತ್ತರಿಸುತ್ತಾರೆ, ಒಬ್ಬರು ಜೇಬು ಹೊಲಿಯುತ್ತಾರೆ, ಇನ್ನೊಬ್ಬರು ಜಿಪ್ಪು ಕೂಡಿಸುತ್ತಾರೆ, ಮತ್ತೊಬ್ಬರು ಗುಂಡಿ ಹಾಕುತ್ತಾರೆ. ತಪ್ಪಿದ ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕಬಹುದು. ಕೊನೆಗೆ ಇಸ್ತ್ರಿ ಮಾಡಿ ಮಡಿಸಿಟ್ಟಾಗ ಅದು ಒಂದೇ ಕೈಯಿಂದ ಒಂದೇ ಉಸಿರಿನಲ್ಲಿ ಮೂಡಿಬಂದಂತೆ ಕಾಣುತ್ತದೆ.

ಇಂದಿನ ಧ್ವನಿಮುದ್ರಣವೂ ಬಹುಮಟ್ಟಿಗೆ ಹೀಗೆಯೇ. ತಾಳವಾದ್ಯ ಒಂದು ದಿನ, ಕೊಳಲು ಇನ್ನೊಂದು ದಿನ, ಪಿಟೀಲುಗಳು ಮತ್ತೊಂದು ದಿನ ಮುದ್ರಿತವಾಗಬಹುದು. ಗಾಯಕರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮೊದಲೇ ಮುದ್ರಿಸಿದ ವಾದ್ಯಗಳನ್ನು ಕೇಳುತ್ತಾ ಹಾಡುತ್ತಾರೆ. ಯುಗಳಗೀತೆಯ ಇಬ್ಬರೂ ಒಂದೇ ದಿನ ಒಂದೇ ಕೋಣೆಯಲ್ಲಿ ಇರಬೇಕೆಂದೂ ಇಲ್ಲ. ಒಂದು ಸಾಲು ಸರಿಬರದಿದ್ದರೆ ಆ ಸಾಲನ್ನಷ್ಟೇ ಮತ್ತೆ ಹಾಡಿಸಿ ಕೂಡಿಸಬಹುದು. ಉಸಿರೆಳೆದ ಸದ್ದನ್ನು ಕತ್ತರಿಸಿ ತೆಗೆಯಬಹುದು. ಆಗ ಗಾಯಕರು ಉಸಿರೇ ತೆಗೆದುಕೊಳ್ಳದೆ ಹಾಡಿದಂತೆ ಕೇಳಿಸುತ್ತದೆ. ಒಬ್ಬರ ಕಂಠವನ್ನೇ ಹಲವು ಬಾರಿ ಮುದ್ರಿಸಿ ಒಂದರ ಮೇಲೊಂದು ಪೇರಿಸಿದರೆ ಹತ್ತು ಮಂದಿ ಹಾಡಿದಂತಾಗುತ್ತದೆ. 1997ರಲ್ಲಿ ಆಟೋ-ಟ್ಯೂನ್ ಎಂಬ ತಂತ್ರಾಂಶ ಬಂದ ಮೇಲೆ ಶ್ರುತಿ ತಪ್ಪಿದ ಸ್ವರವನ್ನು ಗಣಕದಲ್ಲಿಯೇ ಸರಿಪಡಿಸುವುದೂ ಸಾಧ್ಯವಾಯಿತು. ಕೊನೆಗೆ ಎಲ್ಲವನ್ನೂ ಹದವಾಗಿ ಬೆರೆಸುತ್ತಾರೆ. ನಮ್ಮ ಕಿವಿಗೆ ಬೀಳುವುದು ಈ ಇಸ್ತ್ರಿ ಮಾಡಿದ ಹಾಡು.

ಇದನ್ನು ಮೋಸವೆಂದು ತಿಳಿಯಬಾರದು. ಹೊಲಿದು ಮಾಡಿದ ಬಟ್ಟೆ ಮೋಸವಲ್ಲವಷ್ಟೆ. ಅದೊಂದು ಬೇರೆಯೇ ಕಲೆ.

ಹಿಂದೆ ಇದು ತಿರುಗುಮುರುಗಾಗಿತ್ತು

ಧ್ವನಿಮುದ್ರಣದ ಆರಂಭದ ದಿನಗಳಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಎಡಿಸನ್ 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದರು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡರು. ಆಗ ಮೈಕು ಇರಲಿಲ್ಲ. ಗಾಯಕಿ ದೊಡ್ಡದೊಂದು ಕಹಳೆಯಂಥ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಿತ್ತು. ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು ಮಾತ್ರ. ಕಛೇರಿಯಲ್ಲಿ ಒಂದು ಗಂಟೆ ವಿಸ್ತರಿಸುವ ರಾಗವನ್ನು ಮೂರು ನಿಮಿಷಕ್ಕೆ ಕುಗ್ಗಿಸಬೇಕಾಗುತ್ತಿತ್ತು. ಕಛೇರಿಯ ಸೊಗಸು ತಟ್ಟೆಯಲ್ಲಿಲ್ಲ ಎಂದು ಅಂದಿನವರು ಕೊರಗಿದರೆ, ತಟ್ಟೆಯ ಸೊಗಸು ಕಛೇರಿಯಲ್ಲಿಲ್ಲ ಎಂದು ಇಂದಿನವರು ಕೊರಗುತ್ತಾರೆ. ಕಾಲದ ವಿಚಿತ್ರವನ್ನು ನೋಡಿ!

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಳಕೆಗೆ ಬಂದು ಮೈಕು ಮುಖ್ಯವಾಯಿತು. ಅದರಿಂದ ಹಾಡುವ ರೀತಿಯೇ ಬದಲಾಯಿತು. ಮೈಕು ಒಂದು ಗೇಣು ದೂರದಲ್ಲಿ ಇರುವುದರಿಂದ ಪಿಸುಮಾತನ್ನೂ ಅದು ಹಿಡಿಯುತ್ತದೆ. ಕಾಕಿನಾಡದಲ್ಲಿ ಹುಟ್ಟಿ ಕನ್ನಡಿಗರ ಮನೆಮಾತಾದ ಪಿ.ಬಿ. ಶ್ರೀನಿವಾಸ್ (1930–2013) ಅವರ ಮೃದುಕಂಠವನ್ನು ನೆನೆಯಿರಿ. ಅಂಥ ಮೆಲುದನಿಯ ಹಾಡುಗಾರಿಕೆ ಸಾವಿರಾರು ಜನರನ್ನು ತಲುಪಲು ಮೈಕೇ ಕಾರಣ. ಮೈಕಿಲ್ಲದ ಕಾಲದ ನಾಟಕ ಕಂಪನಿಯ ನಟನು ಕೊನೆಯ ಸಾಲಿನವನಿಗೂ ಕೇಳುವಂತೆ ಎದೆಯಿಂದ ಹಾಡಲೇಬೇಕಿತ್ತು.

1960 ಮತ್ತು 70ರ ದಶಕಗಳಲ್ಲಿ ನಮ್ಮ ಕನ್ನಡ ಚಿತ್ರಗೀತೆಗಳಲ್ಲಿ ಹೆಚ್ಚಿನವು ಮದರಾಸಿನಲ್ಲಿ ಮುದ್ರಣಗೊಳ್ಳುತ್ತಿದ್ದವು. ಆಗ ವಾದ್ಯವೃಂದವೂ ಗಾಯಕರೂ ಸಾಮಾನ್ಯವಾಗಿ ಒಟ್ಟಿಗೇ ಕುಳಿತು ಹಾಡನ್ನು ಮುಗಿಸುತ್ತಿದ್ದರು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಆದ್ದರಿಂದ ಬಹಳ ತಾಲೀಮು ಬೇಕಾಗುತ್ತಿತ್ತು. ಜಿ.ಕೆ. ವೆಂಕಟೇಶ್, ರಾಜನ್–ನಾಗೇಂದ್ರ, ವಿಜಯಭಾಸ್ಕರ್ ಮೊದಲಾದವರ ಹಾಡುಗಳಲ್ಲಿ ಕಾಣುವ ಅಚ್ಚುಕಟ್ಟಿನ ಹಿಂದೆ ಈ ಶ್ರಮವಿದೆ. ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿದ್ದ ಇಳಯರಾಜಾ ಅವರೇ ಮುಂದೆ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದರು. ಅವರ ಹಾಡುಗಳಲ್ಲಿ ಪಿಟೀಲುಗಳ ದೊಡ್ಡ ಸಮೂಹವೇ ಅಲೆ ಅಲೆಯಾಗಿ ಬರುತ್ತದೆ. ಅಂಥ ಹಾಡಿಗೆ ನಾನು ಒಂದು ಹಾರ್ಮೋನಿಯಂ, ಒಂದು ಕೀಬೋರ್ಡನ್ನು ಸಾಕೆಂದುಕೊಂಡೆ! ತಪ್ಪು ಬಾಲಕಿಯದಲ್ಲ ಎಂಬುದು ಈಗ ನಿಮಗೆ ತಿಳಿದಿರಬಹುದು.

ಹೆಸರಾಂತರಿಗೂ ಇದೇ ಕಷ್ಟ

ಈ ತೊಡಕು ನಮ್ಮ ಶಾಲೆಯದು ಮಾತ್ರವಲ್ಲ; ಜಗತ್ಪ್ರಸಿದ್ಧರಿಗೂ ಉಂಟು. ಇಂಗ್ಲೆಂಡಿನ ಬೀಟಲ್ಸ್ ಎಂಬ ನಾಲ್ವರ ತಂಡ 1966ರ ಆಗಸ್ಟ್ 29ರಂದು ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಊರೂರು ತಿರುಗಿ ಕಛೇರಿ ನಡೆಸುವುದನ್ನೇ ಬಿಟ್ಟಿತು. ಜನರ ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಕೇಳಿಸುತ್ತಿರಲಿಲ್ಲ. ಅಲ್ಲದೆ ಅವರು ಸ್ಟುಡಿಯೋದಲ್ಲಿ ರೂಪಿಸತೊಡಗಿದ್ದ ಹಾಡುಗಳು ನಾಲ್ವರು ವೇದಿಕೆಯಲ್ಲಿ ನುಡಿಸಬಹುದಾದ ಎಲ್ಲೆಯನ್ನು ದಾಟಿದ್ದವು. 1967ರಲ್ಲಿ ಹೊರಬಂದ ‘ಸಾರ್ಜೆಂಟ್ ಪೆಪ್ಪರ್ಸ್’ ಎಂಬ ಧ್ವನಿಮುದ್ರಿಕೆಯ ಕೊನೆಯ ಹಾಡಿಗೆ 40 ಮಂದಿ ವಾದ್ಯಗಾರರನ್ನು ಕರೆಸಿ, ಅವರು ನುಡಿಸಿದ್ದನ್ನು ಹಲವು ಬಾರಿ ಮುದ್ರಿಸಿ ಪೇರಿಸಿದರು. ಅಷ್ಟು ಜನರನ್ನು ಊರೂರಿಗೆ ಕರೆದೊಯ್ಯುವುದು ಹೇಗೆ?

ಕ್ವೀನ್ ಎಂಬ ಇನ್ನೊಂದು ತಂಡ 1975ರಲ್ಲಿ ‘ಬೊಹೀಮಿಯನ್ ರಾಪ್ಸೊಡಿ’ ಎಂಬ ಹಾಡನ್ನು ಹೊರತಂದಿತು. ಅದರ ನಡುಭಾಗದಲ್ಲಿ ದೊಡ್ಡ ಗಾಯಕವೃಂದ ಹಾಡಿದಂತೆ ಕೇಳಿಸುತ್ತದೆ. ನಿಜವಾಗಿ ಹಾಡಿದವರು ಮೂವರೇ. ಅವರ ಕಂಠಗಳನ್ನೇ ಮತ್ತೆ ಮತ್ತೆ ಮುದ್ರಿಸಿ ಪೇರಿಸಲಾಗಿತ್ತು. ವೇದಿಕೆಯಲ್ಲಿ ಆ ಭಾಗ ಬಂದಾಗ ಅವರು ಹಾಡುವಂತೆ ನಟಿಸಲಿಲ್ಲ. ವೇದಿಕೆಯಿಂದ ಸರಿದು, ಮುದ್ರಿಸಿದ ಧ್ವನಿಯನ್ನೇ ಕೇಳಿಸಿ, ಮುಂದಿನ ಭಾಗಕ್ಕೆ ಮತ್ತೆ ಬಂದು ನುಡಿಸುತ್ತಿದ್ದರು. ಮಾಡಲಾಗದ್ದನ್ನು ಮಾಡಿದಂತೆ ತೋರಿಸಲಿಲ್ಲ ಎಂಬುದು ಗಮನಿಸಬೇಕಾದ ಮಾತು.

ನಮ್ಮವರ ವಿಷಯಕ್ಕೆ ಬರೋಣ. ಕವಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ನೀಡಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದು, ಕನ್ನಡ ಭಾವಗೀತೆ ಮನೆಮನೆಯನ್ನು ಮುಟ್ಟಿತು. ಹೀಗೆ ಕ್ಯಾಸೆಟ್ಟಿನಲ್ಲಿ ಮನೆಯೊಳಗೆ ಕೇಳುತ್ತಿದ್ದ ಭಾವಗೀತೆಯನ್ನು ಸಿ. ಅಶ್ವಥ್ ಅವರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಕಾರ್ಯಕ್ರಮದ ಮೂಲಕ ಬಹು ದೊಡ್ಡ ಜನಸ್ತೋಮದ ಮುಂದೆ ತಂದರು. ಅದಕ್ಕೆ ದೊಡ್ಡ ವಾದ್ಯವೃಂದವೂ ಸಮೂಹಗಾಯನವೂ ಬೇಕಾದವು. ಬಯಲಿನಷ್ಟು ದೊಡ್ಡ ಸಭೆಗೆ ಬಯಲಿನಷ್ಟೇ ದೊಡ್ಡ ಸಿದ್ಧತೆ.

ಎಸ್.ಪಿ. ಬಾಲಸುಬ್ರಹ್ಮಣ್ಯಂ (1946–2020) ಅವರು ನಮ್ಮ ಅನಂತಪುರದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ, ಕಾಯಿಲೆಯಿಂದ ಓದನ್ನು ಅಲ್ಲಿಗೇ ಬಿಟ್ಟವರು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ‘ಗೀತಾ’ ಚಿತ್ರದಲ್ಲಿ ಹಾಡಿದವರೂ ಅವರೇ. ತಾವೇ ಹಾಡಿದ ಹಾಡನ್ನು ರಸಮಂಜರಿಯಲ್ಲಿ ಹಾಡುವಾಗ ಅವರು ಮುದ್ರಿಕೆಯ ಪಡಿಯಚ್ಚನ್ನು ಒಪ್ಪಿಸುತ್ತಿರಲಿಲ್ಲ. ಅಲ್ಲಲ್ಲಿ ಒಂದು ಹೊಸ ಸಂಗತಿ, ಒಂದು ನಗು ಸೇರಿಸುತ್ತಿದ್ದರು. ಹಾಡಿದವರೇ ಹಾಗೆ ಬದಲಿಸಿಕೊಂಡಿರುವಾಗ ನಾವೇಕೆ ಹೆದರಬೇಕು?

ವೇದಿಕೆಯ ಮೇಲೆ ಏನಾಗುತ್ತದೆ?

ಈಗ ಆ ತಂದೆಯ ಪ್ರಶ್ನೆಗೆ ನೇರವಾಗಿ ಬರೋಣ. ಮನೆಯಲ್ಲಿ ಚೆನ್ನಾಗಿ ಬಂದದ್ದು ವೇದಿಕೆಯಲ್ಲಿ ಏಕೆ ಕೆಟ್ಟಿತು?

ಮೊದಲನೆಯ ಕಾರಣ: ಮನೆಯಲ್ಲಿ ಮಗು ಹಾಡುತ್ತಿದ್ದುದು ಫೋನಿನ ಜೊತೆಗೆ. ಮೂಲ ಗಾಯಕಿಯ ದನಿ ಮಗುವಿನ ಶ್ರುತಿಯನ್ನು ಹಿಡಿದು ನಿಲ್ಲಿಸುತ್ತದೆ, ತಪ್ಪನ್ನು ಮುಚ್ಚುತ್ತದೆ. ಇದು ತಾಯಿಯ ಬೆರಳು ಹಿಡಿದು ನಡೆದಂತೆ. ವೇದಿಕೆಯಲ್ಲಿ ಆ ಬೆರಳು ಇರುವುದಿಲ್ಲ.

ಎರಡನೆಯದು ಶ್ರುತಿ. ಮುದ್ರಿಕೆಯ ಶ್ರುತಿ ಆ ಗಾಯಕರ ಕಂಠಕ್ಕೆ ಒಪ್ಪುವಂತೆ ಇಟ್ಟದ್ದು, ನಮ್ಮ ಮಗುವಿನ ಕಂಠಕ್ಕಲ್ಲ. ಹನ್ನೆರಡರಿಂದ ಹದಿನೈದರ ವಯಸ್ಸಿನ ಹುಡುಗರ ಕಂಠವಂತೂ ಒಡೆಯುವ ಕಾಲ. ಹೋದ ವರ್ಷ ಏರಿದ ಸ್ವರ ಈ ವರ್ಷ ಏರುವುದಿಲ್ಲ. ಇದು ದೇಹಧರ್ಮ, ಬೈದು ಸರಿಪಡಿಸುವಂಥದಲ್ಲ.

ಮೂರನೆಯದು ತನ್ನ ದನಿ ತನಗೇ ಕೇಳಿಸದಿರುವುದು. ಧ್ವನಿವರ್ಧಕಗಳು ಸಭೆಯ ಕಡೆಗೆ ಮುಖ ಮಾಡಿರುತ್ತವೆ. ಹಾಡುವವರಿಗೆ ಕೇಳಿಸುವುದು ಎದುರಿನ ಗೋಡೆಗೆ ಬಡಿದು ಹಿಂದಿರುಗಿದ ಸದ್ದು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆಂದು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಗೋಡೆ 34 ಮೀಟರ್ ದೂರವಿದ್ದರೆ ಹೋಗಿಬರಲು ಸೆಕೆಂಡಿನ ಐದನೆಯ ಒಂದು ಭಾಗ ಬೇಕು. ವೇಗದ ಹಾಡಿನಲ್ಲಿ ಅಷ್ಟು ತಡವಾದರೆ ತಾಳ ತಪ್ಪಲು ಸಾಕು. ಸ್ಟುಡಿಯೋದ ಗೋಡೆಗಳಿಗೆ ಸದ್ದನ್ನು ಹೀರುವ ಹೊದಿಕೆ ಇರುತ್ತದೆ. ಕಿವಿಯಲ್ಲಿ ಹೆಡ್‌ಫೋನ್ ಇರುತ್ತದೆ. ಅಲ್ಲಿ ಈ ಗೊಂದಲವಿಲ್ಲ.

ನಾಲ್ಕನೆಯದು ಮೈಕಿನ ಕೂಗು. ಧ್ವನಿವರ್ಧಕದಿಂದ ಹೊರಟ ಸದ್ದು ಮತ್ತೆ ಮೈಕಿನೊಳಗೆ ಹೋಗಿ, ಹೆಚ್ಚಾಗಿ ಹೊರಬಂದು, ಪುನಃ ಒಳಹೊಕ್ಕು ಸುತ್ತುತ್ತದೆ. ಅದೇ ಆ ಕುಯ್ಯೆನ್ನುವ ಸದ್ದು. ಮೆಲುದನಿ ಕೇಳಲೆಂದು ಮೈಕಿನ ಶಕ್ತಿ ಹೆಚ್ಚಿಸಿದಷ್ಟೂ ಈ ಕಾಟ ಹೆಚ್ಚು. ಧ್ವನಿವರ್ಧಕವನ್ನು ಮೈಕಿಗಿಂತ ಮುಂದಕ್ಕೆ, ಸಭೆಯ ಕಡೆಗೆ ಇಡುವುದೂ, ಮೈಕನ್ನು ಬಾಯಿಗೆ ಹತ್ತಿರ ಹಿಡಿಯುವುದೂ ಇದಕ್ಕೆ ಪರಿಹಾರ.

ಬಯಲಿಗಾಗಿ ಹುಟ್ಟಿದ ಹಾಡು

ನಾನು ಮಡಕಶಿರಾ ಸೀಮೆಯಲ್ಲಿ ಬೆಳೆದವನು. ಚಿಕ್ಕಂದಿನಲ್ಲಿ ಮೂಡಲಪಾಯದ ಬಯಲಾಟವನ್ನು ನಿದ್ದೆಗೆಟ್ಟು ನೋಡಿದ್ದೇನೆ. ಭಾಗವತರು ಎತ್ತರದ ಶ್ರುತಿಯಲ್ಲಿ ಒಂದು ಸಾಲು ಎತ್ತುವರು. ಹಿಮ್ಮೇಳದವರು ಅದನ್ನೇ ಹಿಡಿದು ಮತ್ತೆ ಹೇಳುವರು. ಅಷ್ಟರಲ್ಲಿ ಭಾಗವತರಿಗೆ ಉಸಿರು ಸಿಗುತ್ತಿತ್ತು. ಮದ್ದಳೆ, ತಾಳ, ಮುಖವೀಣೆಗಳ ಸದ್ದು ಊರ ಹೊರಗಿನವರೆಗೂ ಕೇಳುತ್ತಿತ್ತು. ಒಬ್ಬರು ತಪ್ಪಿದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಆಟ ಮಾತ್ರ ನಿಲ್ಲುತ್ತಿರಲಿಲ್ಲ.

ಆ ಹಾಡುಗಳು ಬಯಲಿನಲ್ಲಿ ಏಕೆ ಸೋಲುತ್ತಿರಲಿಲ್ಲ? ಅವು ಬಯಲಿಗಾಗಿಯೇ ಹುಟ್ಟಿದವು. ಚಿತ್ರಗೀತೆ ಹುಟ್ಟಿದ್ದು ಮುಚ್ಚಿದ ಕೋಣೆಯಲ್ಲಿ, ಮೈಕಿಗಾಗಿ. ಪ್ರತಿಯೊಂದು ಹಾಡಿಗೂ ಒಂದು ತವರುಮನೆ ಉಂಟು. ತವರಿನಿಂದ ಬೇರೆ ಮನೆಗೆ ತರುವಾಗ ಆ ಮನೆಯ ರೀತಿನೀತಿಗೆ ಅದನ್ನು ಒಗ್ಗಿಸಿಕೊಳ್ಳಬೇಕು. ನಾನು ಹೇಳಹೊರಟ ಮಾತು ಇದೊಂದೇ.

ನಾವು ಮಾಡಬಹುದಾದುದು

ಮುಂದಿನ ವರ್ಷ ಅದೇ ಬಾಲಕಿಯನ್ನು ಒತ್ತಾಯಿಸದೆ, ಕೇವಲ ಹಾರ್ಮೋನಿಯಂ ಹಿಡಿದು ಅದೇ ಹಾಡಿಗೆ ಕುಳಿತೆವು. ಮೊದಲು ಆಕೆಗೆ ಹಿತವಾದ ಶ್ರುತಿ ಹುಡುಕಿದೆವು. ಅತಿ ಮೇಲಿನ ಸ್ವರವನ್ನು ಮೊದಲು ಹಾಡಿಸಿ, ಅದು ಸಲೀಸಾಗಿ ಬರುವ ಮನೆಯಿಂದ ಹಾಡನ್ನು ಆರಂಭಿಸಿದೆವು. ಪಿಟೀಲುಗಳ ಭಾಗವನ್ನು ಕೀಬೋರ್ಡಿಗೆ ಕೊಡದೆ ಎಂಟು ಮಕ್ಕಳಿಂದ ಗುನುಗಿಸಿದೆವು. ಆ ಎಂಟು ಮಂದಿ ಒಮ್ಮೆಲೇ ಉಸಿರು ತೆಗೆದುಕೊಳ್ಳದೆ ಬೇರೆಬೇರೆ ಕಡೆ ತೆಗೆದುಕೊಳ್ಳುವಂತೆ ಅಭ್ಯಾಸ ಮಾಡಿಸಿದೆವು. ಆಗ ಗುನುಗು ಎಲ್ಲಿಯೂ ಕಡಿಯಲಿಲ್ಲ. ಉದ್ದದ ಸಾಲನ್ನು ಭಾಗವತರಂತೆ ಇಬ್ಬರಿಗೆ ಹಂಚಿದೆವು. ಒಂದು ತಿಂಗಳು ಫೋನಿಲ್ಲದೆ ಹಾಡಿಸಿದೆವು. ಕೊನೆಯ ವಾರ ಅದೇ ಬಯಲಿನಲ್ಲಿ, ಅದೇ ಮೈಕಿನಲ್ಲಿ ತಾಲೀಮು ನಡೆಸಿದೆವು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಸಂಗೀತಕ್ಕೂ ಸಲ್ಲುತ್ತದೆ.

ಹಾಡು ಚಿತ್ರದಲ್ಲಿದ್ದಂತೆ ಬರಲಿಲ್ಲ. ಎರಡನೆಯ ಚರಣದಲ್ಲಿ ಆಕೆ ಒಂದು ಮಾತು ಮರೆತಳು, ಹಿಂದಿನವರು ಎತ್ತಿಕೊಟ್ಟರು, ಆಕೆ ನಿಲ್ಲಿಸಲಿಲ್ಲ. ಸಭೆ ಸದ್ದಿಲ್ಲದೆ ಕೇಳಿತು. ಕಾರ್ಯಕ್ರಮ ಮುಗಿದ ಮೇಲೆ ಆಕೆಯ ತಂದೆ ಬಂದು, “ಹೋದ್ವರ್ಷದ್ದು ರೆಡಿಮೇಡ್ ಸಾರ್. ಇದು ಅಳತಿ ತಗೊಂಡು ಹೊಲ್ದಿದ್ದು” ಎಂದರು. ನಾನು ಇಷ್ಟು ಪುಟಗಳಲ್ಲಿ ಹೇಳಿದ್ದನ್ನು ಅವರು ಎರಡು ಮಾತಿನಲ್ಲಿ ಹೇಳಿದರು.

ಪೋಷಕರಲ್ಲಿ ಒಂದು ವಿನಂತಿ. ವಾರ್ಷಿಕೋತ್ಸವ ಬಂದಾಗ, “ಪೆನ್‌ಡ್ರೈವ್ ಹಾಕಿಬಿಡಿ, ಮಕ್ಕಳು ಬಾಯಿ ಆಡಿಸಲಿ” ಎನ್ನಬೇಡಿ. ನೃತ್ಯಕ್ಕೆ ಮುದ್ರಿತ ಹಾಡು ಇರಲಿ, ಅಡ್ಡಿಯಿಲ್ಲ. ಹಾಡಬಲ್ಲ ಮಗುವಿನ ಬಾಯಿಯನ್ನು ಮಾತ್ರ ಮುದ್ರಿಕೆಯಿಂದ ಮುಚ್ಚಬೇಡಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ನಮ್ಮ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಅನಂತಪುರಕ್ಕೆ ಸೇರಿತು. ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗಡಿಗಳು ಸರಿದಾಡಿದರೂ ನಮ್ಮ ಮನೆಗಳಲ್ಲಿ ಕನ್ನಡ ಉಳಿದಿದೆ. ತೆಲುಗಿನ ಸವಿಯನ್ನೂ ಉಂಡ ನಮ್ಮ ಮಕ್ಕಳು ಸಭೆಯಲ್ಲಿ ನಿಂತು ಕನ್ನಡವನ್ನು ತಮ್ಮದೇ ಗಂಟಲಿನಿಂದ ಹಾಡುವ ಅವಕಾಶ ವರ್ಷಕ್ಕೆ ಒಂದೆರಡು ಬಾರಿ ಮಾತ್ರ. ಅದನ್ನು ಯಂತ್ರಕ್ಕೆ ಬಿಟ್ಟುಕೊಡುವುದು ಬೇಡ.

ವಿದ್ಯಾರ್ಥಿಗಳೇ, ಮುದ್ರಿಕೆಯನ್ನು ಗುರುವೆಂದು ಕೇಳಿರಿ; ಅಳತೆಗೋಲೆಂದು ಹಿಡಿಯಬೇಡಿ. ಅಲ್ಲಿ ಹತ್ತಾರು ಜನರ ಬುದ್ಧಿ, ಹಲವು ದಿನಗಳ ಶ್ರಮ, ಯಂತ್ರದ ಸಹಾಯ ಸೇರಿವೆ. ನಿಮ್ಮ ಬಳಿ ಇರುವುದು ಒಂದು ಕಂಠ, ಒಂದು ಅವಕಾಶ. ಬಿಚ್ಚಿ ಮತ್ತೆ ಹೊಲಿಯುವಂತಿಲ್ಲ. ಆದ್ದರಿಂದ ನಿಮ್ಮ ಕಂಠಕ್ಕೆ ಒಪ್ಪುವ ಹಾಡನ್ನು ಆರಿಸಿಕೊಳ್ಳಿ, ಅದನ್ನು ನಿಮ್ಮ ಅಳತೆಗೆ ತನ್ನಿ, ಚೆನ್ನಾಗಿ ಅಭ್ಯಾಸ ಮಾಡಿ. ತಪ್ಪಿದರೆ ಮುಂದಿನ ಸಾಲನ್ನು ಹಿಡಿಯಿರಿ. ಈ ಸಲದ ವಾರ್ಷಿಕೋತ್ಸವಕ್ಕೆ ಹಾಡಬಯಸುವವರು ಶನಿವಾರ ಮಧ್ಯಾಹ್ನ ಹಾರ್ಮೋನಿಯಂ ಇರುವ ಕೊಠಡಿಗೆ ಬನ್ನಿ. ಫೋನನ್ನು ಮನೆಯಲ್ಲೇ ಬಿಟ್ಟು ಬನ್ನಿ.